ಬಿಜೈಯಿಂದ ಅಂಚೆಯಲ್ಲಿ ಹೋದ ವ್ಯಾಕರಣ

ಕಂಪ್ಯೂಟರ್ ಕೆಲಸಕ್ಕೆ ಸೇರಲಿರುವ ಹುಡುಗ ಹುಡುಗಿಯರು ಆಗಾಗ ನನ್ನನ್ನು ನೋಡಲು ಬರುತ್ತಾರೆ. "ನಿಮ್ಮ ಕಾಲದಲ್ಲಿ ಹೇಗಿತ್ತು ಆಂಟಿ?" ಎಂದು ಕೇಳುತ್ತಾರೆ. ಆ ದನಿಯಲ್ಲಿ ಸ್ವಲ್ಪ ಕನಿಕರ ಇರುತ್ತದೆ, ಬಾವಿಯಿಂದ ನೀರು ಸೇದಿ ಸಂಸಾರ ನಡೆಸಿದವಳನ್ನು ಮಾತಾಡಿಸಿದ ಹಾಗೆ. ನಾನು ಕಾಫಿ ಕೊಟ್ಟು, ಎರಡು ತಮಾಷೆ ಹೇಳಿ ಕಳುಹಿಸಿಬಿಡುತ್ತೇನೆ. ಹೇಳಬೇಕಾದದ್ದು ಹಾಗೇ ಉಳಿದುಹೋಗುತ್ತದೆ. ಅದಕ್ಕೇ ಈಗ ಬರೆಯಲು ಕೂತಿದ್ದೇನೆ. ಬಡ್ತಿಗಳ ವಿಷಯ ಬರೆಯುವುದಿಲ್ಲ. ಅವು ಕಡಿಮೆ ಇದ್ದವು, ತಡವಾಗಿಯೂ ಬಂದವು. ತಪ್ಪುಗಳಿಗೆ ಮಾತ್ರ ನನ್ನಲ್ಲಿ ಬರ ಇರಲಿಲ್ಲ.

ನನ್ನ ಹೆಸರು ಹಿಲ್ಡಾ ಲೋಬೊ. ಮಂಗಳೂರಿನ ಬಿಜೈಯಲ್ಲೇ ಹುಟ್ಟಿ ಬೆಳೆದವಳು. ಗಣಿತದಲ್ಲಿ ಪದವಿ ಮುಗಿಸಿ ಐವತ್ತರ ದಶಕದ ಕೊನೆಗೆ ಬೊಂಬಾಯಿಗೆ ಹೋದೆ. ನಮ್ಮ ಕಡೆಯ ಹುಡುಗಿಯರು ಆಗ ನರ್ಸ್ ಆಗುತ್ತಿದ್ದರು, ಟೀಚರ್ ಆಗುತ್ತಿದ್ದರು, ಟೈಪು ಕಲಿತವರು ಆಫೀಸು ಸೇರುತ್ತಿದ್ದರು. ನಾನು ಒಂದು ಸಂಶೋಧನಾ ಸಂಸ್ಥೆಯಲ್ಲಿ ಕಂಪ್ಯೂಟರ್ ಆದೆ. ನಗಬೇಡಿ. ಆಗ ಆ ಹೆಸರು ಮನುಷ್ಯರದ್ದು. ಒಂದು ಉದ್ದನೆಯ ಕೋಣೆಯಲ್ಲಿ ಸಾಲಾಗಿ ಕೂತು, ಕೈಯಿಂದ ಹಿಡಿ ತಿರುಗಿಸುವ ಲೆಕ್ಕದ ಯಂತ್ರದಲ್ಲಿ ವಿಜ್ಞಾನಿಗಳ ಲೆಕ್ಕ ಮಾಡಿಕೊಡುವ ಹುಡುಗಿಯರು ನಾವು.

ಅಲ್ಲಿ ಒಂದು ಕಟ್ಟುನಿಟ್ಟಿನ ಕ್ರಮವಿತ್ತು. ಒಂದೇ ಲೆಕ್ಕವನ್ನು ಇಬ್ಬರು ಬೇರೆ ಬೇರೆ ಕೂತು ಮಾಡಬೇಕು. ಉತ್ತರ ಕೂಡಿ ಬಂದರೆ ಮಾತ್ರ ಅದು ಉತ್ತರ. ಸೇರಿದ ಹೊಸತರಲ್ಲಿ ಒಂದು ಮಧ್ಯಾಹ್ನ ಬೇಗ ಮುಗಿಸುವ ಆಸೆಗೆ ನಾನು ಪಕ್ಕದವಳ ಹಾಳೆ ಇಣುಕಿ ಬರೆದೆ. ಅವಳದ್ದೂ ತಪ್ಪು, ನನ್ನದೂ ತಪ್ಪು. ಇಬ್ಬರದ್ದೂ ಒಂದೇ ತಪ್ಪಾದ್ದರಿಂದ ಅದು ಸರಿಯೆಂದು ಹೊರಗೆ ಹೋಯಿತು. ನಮ್ಮ ಮುಖ್ಯಸ್ಥರು ಗೋರೆ ಸಾಹೇಬರು. ತೆಳ್ಳಗಿನ ಮನುಷ್ಯ, ಕೋಪ ಬಂದಾಗ ದನಿ ಇನ್ನೂ ಇಳಿಸುವವರು. ನನ್ನನ್ನು ಕರೆದು, "ಪರೀಕ್ಷಿಸುವವರಿಗೆ ಉತ್ತರ ಏನು ಬರಬೇಕೆಂದು ಗೊತ್ತಿರಬಾರದು. ಗೊತ್ತಿದ್ದರೆ ಅದೇ ಕಾಣುತ್ತದೆ" ಎಂದರು. ನಾನು ಆ ಮಾತನ್ನು ಜಪದ ಹಾಗೆ ನೆನಪಿಟ್ಟುಕೊಂಡೆ. ಮುಂದೆ ಅದೇ ಮಾತು ನನ್ನನ್ನು ಹಳ್ಳಕ್ಕೆ ಕೆಡವಿತು.

ಕೆಲವು ವರ್ಷಗಳಲ್ಲಿ ನಿಜವಾದ ಯಂತ್ರ ಬಂತು. ಕೋಣೆಯ ಹುಡುಗಿಯರಲ್ಲಿ ಹೆಚ್ಚಿನವರು ಬೇರೆ ವಿಭಾಗಗಳಿಗೆ ಹೋದರು. ಇಬ್ಬರು ಮೂವರು ಉಳಿದು ಅದಕ್ಕೆ ಪ್ರೋಗ್ರಾಂ ಬರೆಯುವುದನ್ನು ಕಲಿತೆವು. ಯಂತ್ರದ ಸ್ವಂತ ಭಾಷೆ ಬರೀ ಅಂಕಿಗಳು. ಅಣೆಕಟ್ಟು, ಸೇತುವೆ ಕಟ್ಟುವ ಎಂಜಿನಿಯರುಗಳಿಗೆ ಅದು ತಲೆಗೆ ಹತ್ತುತ್ತಿರಲಿಲ್ಲ. ಅವರಿಗಾಗಿ ನಮ್ಮ ವಿಭಾಗ ಒಂದು ಚಿಕ್ಕ ಭಾಷೆ ಮಾಡಿತ್ತು. ಎಂಜಿನಿಯರುಗಳು ಕಾಗದದಲ್ಲಿ ಬರೆಯುವ ಸೂತ್ರವನ್ನು ಹೆಚ್ಚುಕಡಿಮೆ ಹಾಗೇ ಕಾರ್ಡುಗಳಲ್ಲಿ ತೂತು ಹೊಡೆಸಿ ಕೊಟ್ಟರೆ, ನಮ್ಮ ಪ್ರೋಗ್ರಾಂ ಅದನ್ನು ಓದಿ, ಬಿಡಿಸಿ, ಯಂತ್ರದ ಭಾಷೆಗೆ ತಿರುಗಿಸುತ್ತಿತ್ತು. ಓದಿ ಬಿಡಿಸುವ ಆ ಭಾಗವನ್ನು ನೀವೀಗ ಪಾರ್ಸರ್ ಎನ್ನುತ್ತೀರಿ. ಅದು ನನ್ನ ಪಾಲಿಗೆ ಬಂತು.

ಪಾರ್ಸರ್ ಎಂದರೆ ನಮ್ಮಲ್ಲಿ ಒಂದು ದೊಡ್ಡ ಕೋಷ್ಟಕ. ಅಡ್ಡ ಸಾಲುಗಳು, ಈಗ ವಾಕ್ಯದ ಯಾವ ಜಾಗದಲ್ಲಿ ಇದ್ದೇವೆ ಎಂಬುದಕ್ಕೆ. ಉದ್ದ ಸಾಲುಗಳು, ಮುಂದೆ ಬಂದ ಗುರುತು ಯಾವುದು ಎಂಬುದಕ್ಕೆ. ಎರಡೂ ಕೂಡುವ ಮನೆಯಲ್ಲಿ ಮುಂದೆ ಎಲ್ಲಿಗೆ ಹೋಗಬೇಕೆಂದು ಬರೆದಿರುತ್ತದೆ, ಇಲ್ಲವೆ ದೋಷ ಎಂದು ಬರೆದಿರುತ್ತದೆ. ಯಂತ್ರಕ್ಕೆ ಬೇರೆ ಬುದ್ಧಿ ಇಲ್ಲ. ಮನೆಯಿಂದ ಮನೆಗೆ ಹಾರುತ್ತಾ ಹೋಗುತ್ತದೆ.

ಅರವತ್ತರ ದಶಕದ ನಡುವೆ ಮನೆಯಿಂದ ತಂತಿ ಬಂತು. ಪಪ್ಪಾಗೆ ಪಾರ್ಶ್ವವಾಯು ಹೊಡೆದಿತ್ತು. ಅಮ್ಮ ತೀರಿಕೊಂಡು ಬಹಳ ವರ್ಷವಾಗಿತ್ತು. ನಾನು ಒಬ್ಬಳೇ ಮಗಳು. ಬಂದು ನೋಡಿದರೆ ಪಪ್ಪಾನ ಬಲಗೈ, ಬಲಗಾಲು ನಿಂತುಹೋಗಿದ್ದವು. ಕಣ್ಣು, ಮಾತು, ತಲೆ ಮೊದಲಿನ ಹಾಗೇ ಇದ್ದವು. ಡಾಕ್ಟರು, ದೂರ ಪ್ರಯಾಣದ ಯೋಚನೆ ಬೇಡ ಎಂದರು. ಬೊಂಬಾಯಿಯಲ್ಲಿ ನಾನಿದ್ದದ್ದು ಹೆಂಗಸರ ಹಾಸ್ಟೆಲಿನಲ್ಲಿ. ಕರೆದುಕೊಂಡು ಹೋಗುವ ಜಾಗವೂ ಅದಲ್ಲ.

ರಾಜೀನಾಮೆ ಬರೆದು ಕಳುಹಿಸಿದೆ. ಗೋರೆ ಸಾಹೇಬರು ಅದನ್ನು ವಾಪಸು ಕಳುಹಿಸಿ, ಜೊತೆಗೆ ಒಂದು ಪತ್ರ ಇಟ್ಟಿದ್ದರು. ನಮ್ಮ ಭಾಷೆಗೆ ಒಂದು ಹೊಸ ರಚನೆ ಸೇರಿಸಬೇಕಾಗಿದೆ, ಕೋಷ್ಟಕ ನಿಮ್ಮಷ್ಟು ಬಲ್ಲವರು ಇಲ್ಲಿಲ್ಲ, ಮಂಗಳೂರಿನಲ್ಲಿ ಕೂತು ಕಾಗದದ ಮೇಲೆ ಮಾಡಿ, ಅಂಚೆಯಲ್ಲಿ ಕಳುಹಿಸಿ, ಇಲ್ಲಿ ಕಾರ್ಡಿಗೆ ಹಾಕಿಸುತ್ತೇವೆ. ಕೆಳಗೆ ಷರತ್ತು: ಇದು ಪ್ರಯೋಗ. ಕೆಲಸ ಕೆಟ್ಟರೆ ನೀವು ಬೊಂಬಾಯಿಗೆ ಬಂದು ಮೇಜಿನಲ್ಲಿ ಕೂರಬೇಕು, ಅಥವಾ ಬಿಡಬೇಕು. ಇನ್ನೊಂದು: ಪ್ರತಿ ಬದಲಾವಣೆಯ ಜೊತೆ ಒಂದು ಫಾರಂ. ಅದರಲ್ಲಿ ಮಾಡಿದವರ ಸಹಿ, ಪರಿಶೀಲಿಸಿದವರ ಸಹಿ, ಎರಡೂ ಇರಬೇಕು.

ಪರಿಶೀಲಿಸಿದವರು! ಬಿಜೈಯಲ್ಲಿ ನಾನು ಯಾರನ್ನು ಹುಡುಕಲಿ? ಇಡೀ ಊರಿನಲ್ಲಿ ನನ್ನ ಕೆಲಸದ ಮೊದಲ ವಾಕ್ಯ ಅರ್ಥವಾಗುವ ಒಬ್ಬ ಮನುಷ್ಯ ಇರಲಿಲ್ಲ. ಇಗರ್ಜಿಯಲ್ಲಿ ಪೂಜೆ ಮುಗಿದು ಹೊರಗೆ ಬಂದರೆ ಹೆಂಗಸರು ಸುತ್ತ ನಿಲ್ಲುತ್ತಿದ್ದರು. "ಮನೆಯಲ್ಲಿ ಕೂತು ಎಂತ ಕೆಲಸ ಮಾರಾಯ್ತಿ ನಿನ್ನದು?" ಎನ್ನುತ್ತಿದ್ದರು. ನಾನು ಹೇಳಲು ಬಾಯಿ ತೆರೆಯುವಷ್ಟರಲ್ಲಿ, "ಬಿಕರ್ನಕಟ್ಟೆಯ ಇಗರ್ಜಿಗೆ ಒಂಬತ್ತು ಗುರುವಾರ ಹೋಗಿ ಹರಕೆ ಹೇಳು, ಒಳ್ಳೆ ಸಂಬಂಧ ಕೂಡಿ ಬರ್ತದೆ" ಎಂದು ಮುಗಿಸುತ್ತಿದ್ದರು. ಕೆಲವರು ಬೊಂಬಾಯಿಯಲ್ಲಿ ಏನೋ ಆಗಿ ಕೆಲಸ ಬಿಡಿಸಿದ್ದಾರೆ ಎಂದೂ ಮಾತಾಡಿಕೊಂಡರು. ನನಗೆ ಸಿಟ್ಟು ಬರುತ್ತಿತ್ತು. ಸಿಟ್ಟಿಗಿಂತ ಹೆಚ್ಚಾಗಿ, ಹೇಳಿಕೊಳ್ಳಲು ಯಾರೂ ಇಲ್ಲವಲ್ಲ ಎಂಬ ಸಂಕಟ ಆಗುತ್ತಿತ್ತು. ಬೊಂಬಾಯಿಯಲ್ಲಿ ಊಟದ ಹೊತ್ತಿಗೆ ಒಬ್ಬಳ ಜೊತೆ ಒಂದು ಆವರಣ ಚಿಹ್ನೆಯ ಬಗ್ಗೆ ಜಗಳವಾಡಿದರೂ ಅದು ಸಂಗ. ಇಲ್ಲಿ ವಾರಕ್ಕೊಮ್ಮೆ ಬರುವ ಅಂಚೆಯ ಲಕೋಟೆಯೇ ನನ್ನ ಆಫೀಸು.

ಹೊಸ ರಚನೆ ಏನೆಂದರೆ, ಒಂದೇ ಲೆಕ್ಕವನ್ನು ಹಲವು ಸಲ ಮಾಡಿಸುವುದು. ರಿಪೀಟ್ ಎಂದು ಶುರು, ಎಂಡ್ ಎಂದು ಮುಕ್ತಾಯ. ಒಂದು ರಿಪೀಟಿನ ಹೊಟ್ಟೆಯಲ್ಲಿ ಇನ್ನೊಂದು ರಿಪೀಟ್ ಬರಬಹುದು. ಆಗ ಒಳಗಿನದ್ದಕ್ಕೊಂದು ಎಂಡ್, ಹೊರಗಿನದ್ದಕ್ಕೊಂದು ಎಂಡ್. ಇಡೀ ಪ್ರೋಗ್ರಾಂ ಮುಗಿದಾಗ ಫಿನಿಷ್ ಎಂಬ ಒಂದು ಕಾರ್ಡು. ಬಳಸುವವರಿಗೆ ಇಷ್ಟೇ. ಕೋಷ್ಟಕಕ್ಕೆ ಮಾತ್ರ ಹೊಸ ಸಾಲುಗಳು ಬೇಕು, ಆ ಸಾಲುಗಳ ಪ್ರತಿ ಮನೆಯನ್ನೂ ತುಂಬಬೇಕು, ಹಳೆಯ ಪ್ರೋಗ್ರಾಂ ಒಂದೂ ಕೆಡಬಾರದು. ಜನ ವಾಸವಿರುವ ಮನೆಗೆ ಹೊಸ ಕೋಣೆ ಕೂಡಿಸಿದ ಹಾಗೆ.

ಅಷ್ಟು ದೊಡ್ಡ ಕೋಷ್ಟಕ ಬರೆಯಲು ಕಾಗದ ಬೇಕಿತ್ತು. ನಮ್ಮ ಬೀದಿಯ ಕೊನೆಯಲ್ಲಿ ಹಸನಬ್ಬನವರ ಬಟ್ಟೆ ಅಂಗಡಿ. ಬಟ್ಟೆಯ ಬೇಲು ಸುತ್ತಿ ಬರುವ ಕಂದು ಕಾಗದವನ್ನು ಕೇಳಿದೆ. ಅವರು ಸುರುಳಿ ಕಟ್ಟಿ ಕೊಡುತ್ತಾ ಕೇಳಿದರು.

"ಹೊಲಿಗೆಯ ಕಟಿಂಗಿಗಾ ಬಾಯಮ್ಮ?"

"ಅಲ್ಲ. ಒಂದು ಯಂತ್ರಕ್ಕೆ ಭಾಷೆ ಕಲಿಸ್ಲಿಕ್ಕೆ."

"ಯಂತ್ರ ಎಲ್ಲಿ ಉಂಟು?"

"ಬೊಂಬಾಯಿಯಲ್ಲಿ."

ಅವರು ಸುರುಳಿಯ ಗಂಟು ಬಿಗಿದರು. "ನಮ್ಮ ಮಕ್ಕಳಿಗೆ ಎದುರು ಕೂತು ಕಲಿಸಿದ್ರೂ ತಲೆಗೆ ಹೋಗುದಿಲ್ಲ. ನೀವು ಇಲ್ಲಿಂದ ಬೊಂಬಾಯಿಯದ್ದಕ್ಕೆ ಕಲಿಸುದಾ" ಎಂದರು. ಮತ್ತೆ ಪಪ್ಪಾನ ಆರೋಗ್ಯ ವಿಚಾರಿಸಿ ಇನ್ನೊಂದು ಸುರುಳಿ ಸೇರಿಸಿ ಕೊಟ್ಟರು.

ಊಟದ ಮೇಜಿನ ತುಂಬ ಆ ಕಾಗದ ಹಾಸಿ ಗೆರೆ ಎಳೆದೆ. ಯಂತ್ರ ಇಲ್ಲದಿರುವಾಗ ನಾನೇ ಯಂತ್ರ ಆಗಬೇಕಿತ್ತು. ಪಪ್ಪಾನ ಹಳೆ ಕೋಟಿನ ಒಂದು ಗುಂಡಿಯನ್ನು ಕೋಷ್ಟಕದ ಮೇಲಿಟ್ಟು, ಒಂದೊಂದು ಗುರುತಿಗೂ ಮನೆಯಿಂದ ಮನೆಗೆ ಸರಿಸುತ್ತಿದ್ದೆ. ರಿಪೀಟ್ ಬಂದಾಗಲೆಲ್ಲ ಒಂದು ಚೀಟಿಯನ್ನು, ಅಂಗಡಿಗಳಲ್ಲಿ ಬಿಲ್ಲು ಚುಚ್ಚಿಡುತ್ತಾರಲ್ಲ, ಅಂಥ ಕಂಬಿಗೆ ಚುಚ್ಚುವುದು. ಎಂಡ್ ಬಂದರೆ ಮೇಲಿನ ಚೀಟಿ ತೆಗೆಯುವುದು. ಕಂಬಿಯಲ್ಲಿ ಕೊನೆಗೆ ಹಾಕಿದ್ದೇ ಮೊದಲು ಬರುತ್ತದೆ, ಒಳಗಿನ ರಿಪೀಟೇ ಮೊದಲು ಮುಗಿಯುತ್ತದೆ. ನೀವು ಸ್ಟ್ಯಾಕ್ ಎನ್ನುವುದನ್ನು ನಾನು ಹೀಗೆ ಬೆರಳಿಗೆ ಚುಚ್ಚಿಸಿಕೊಂಡು ಕಲಿತೆ.

ಕಷ್ಟ ಇದ್ದದ್ದು ಒಂದೇ ಕಡೆ. ಕಣ್ಣು ಹಾಳೆಗೂ ಕೋಷ್ಟಕಕ್ಕೂ ಓಡಾಡುವಾಗ ಸಾಲು ತಪ್ಪುತ್ತಿತ್ತು. ಒಂದು ದಿನ ಪಪ್ಪಾ ಕುರ್ಚಿಯಿಂದಲೇ ಹೇಳಿದರು. "ಇಲ್ಲಿ ಕೊಡು ಬಾಯೆ. ನಾನು ಓದ್ತೇನೆ. ನೀನು ಗುಂಡಿ ನೋಡು."

ಪಪ್ಪಾ ಊರಿನ ಒಂದು ಅಚ್ಚುಕೂಟದಲ್ಲಿ ನಲವತ್ತು ವರ್ಷ ಕರಡು ತಿದ್ದಿದವರು. ಅಲ್ಲಿ ಒಬ್ಬರು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಅಚ್ಚಾದ ಕರಡಿನಲ್ಲಿ ಹೋಲಿಸಿ ನೋಡುವುದು ಪದ್ಧತಿ. ಅಲ್ಪವಿರಾಮ, ಪೂರ್ಣವಿರಾಮ, ಆವರಣ ಎಲ್ಲ ಬಾಯಲ್ಲಿ ಹೇಳಿ ಓದಬೇಕು. ಪಪ್ಪಾ ಸಂಜೆ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಹೇಳುವಾಗಲೂ ಆಮೆನ್ ಆದ ಮೇಲೆ ಪೂರ್ಣವಿರಾಮ ಹೇಳುತ್ತಾರೆಂದು ಅಮ್ಮ ತಮಾಷೆ ಮಾಡುತ್ತಿದ್ದರು. ಅವರು ನನ್ನ ಹಾಳೆಯನ್ನು ಎಡಗೈಯಲ್ಲಿ ಹಿಡಿದು ಓದತೊಡಗಿದರು. "ರಿಪೀಟ್. ಆವರಣ ತೆರೆದಿದೆ. ಕೆ. ಅಲ್ಪವಿರಾಮ. ಹತ್ತು. ಆವರಣ ಮುಚ್ಚಿದೆ." ಅಷ್ಟು ಸ್ಪಷ್ಟವಾಗಿ ಬೊಂಬಾಯಿಯ ಯಂತ್ರ ಕೂಡ ಓದಿರಲಾರದು. ಬಂದ ಮೇಲೆ ಮೊದಲ ಸಲ ನನಗೆ ಕೆಲಸದಲ್ಲಿ ಜೊತೆ ಸಿಕ್ಕಿತು. ಅರ್ಥವಾಗದಿದ್ದರೆ ಏನು, ದನಿ ಇತ್ತು.

ಮಧ್ಯಾಹ್ನದ ಊಟ ಆಗಿ ಸ್ವಲ್ಪ ಹೊತ್ತಿಗೆ ನಾವು ಕೂರುತ್ತಿದ್ದೆವು. ಪಪ್ಪಾ ಅದಕ್ಕಾಗಿ ತಲೆ ಬಾಚಿಸಿಕೊಳ್ಳುತ್ತಿದ್ದರು, ಶರ್ಟು ಬದಲಾಯಿಸುತ್ತಿದ್ದರು. ಹಾಸಿಗೆ ಹಿಡಿದವರ ಮುಖ ಆಫೀಸಿಗೆ ಹೋಗುವವರ ಮುಖವಾಗುತ್ತಿತ್ತು.

ಪರೀಕ್ಷೆಯ ಹಾಳೆಗಳಲ್ಲಿ ಎರಡು ಬಗೆ. ಸರಿಯಾದ ಪ್ರೋಗ್ರಾಂಗಳು, ಬೇಕೆಂದೇ ತಪ್ಪು ಮಾಡಿ ಬರೆದವು. ತಪ್ಪು ಹಾಳೆಗೆ ಗುಂಡಿ ದೋಷದ ಮನೆಗೆ ಹೋಗಿ ನಿಲ್ಲಬೇಕು, ಆಗ ನಾನು ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕಬೇಕು. ಕೆಲವು ಹಾಳೆ ಬೇಕೆಂದೇ ತಪ್ಪು ಎಂದು ಪಪ್ಪಾಗೆ ನಾನು ಹೇಳಲಿಲ್ಲ. ಗೋರೆ ಸಾಹೇಬರ ಪಾಠ ತಲೆಯಲ್ಲಿತ್ತಲ್ಲ, ಪರೀಕ್ಷಿಸುವವರಿಗೆ ಗೊತ್ತಿರಬಾರದು. ಇನ್ನೊಂದು ಜಿಪುಣತನವನ್ನೂ ಮಾಡಿದೆ. ಹಾಳೆ ಉಳಿಯಲಿ, ಹೊತ್ತು ಉಳಿಯಲಿ ಎಂದು ಒಂದೊಂದು ಹಾಳೆಯಲ್ಲಿ ಎರಡೆರಡು ತಪ್ಪು ತುರುಕಿದೆ. ಗುಂಡಿ ಒಂದು ಕಡೆ ದೋಷದ ಮನೆ ಮುಟ್ಟಿದರೆ ಸಾಕು, ಹಾಳೆಗೆ ಗುರುತು. ಆ ತಪ್ಪನ್ನು ದಾಟಿಸಿ ಉಳಿದದ್ದನ್ನು ಕೊನೆಯವರೆಗೆ ಓದಿಸುತ್ತಿದ್ದೆ.

ಎಲ್ಲ ತಪ್ಪು ಹಾಳೆಗೂ ಗುರುತು ಬಿತ್ತು. ಫಾರಂ ತುಂಬಿದೆ. ಮಾಡಿದವರು: ಎಚ್. ಲೋಬೊ. ಪರಿಶೀಲಿಸಿದವರು ಎಂಬ ಜಾಗ ತೋರಿಸಿದಾಗ ಪಪ್ಪಾ ಬಹಳ ಹೊತ್ತು ಪೆನ್ನು ಹಿಡಿದು ಕೂತರು. ಎಡಗೈಯಲ್ಲಿ, ಒಂದೊಂದೇ ಅಕ್ಷರವಾಗಿ, ಪಿ. ಲೋಬೊ ಎಂದು ಬರೆದರು. "ಅಚ್ಚುಕೂಟದಲ್ಲಿ ನಲವತ್ತು ವರ್ಷ ಯಾವ ಪುಸ್ತಕದಲ್ಲೂ ನನ್ನ ಹೆಸರು ಬರ್ಲಿಲ್ಲ" ಎಂದರು. ನನಗೆ ಅವರ ಮೇಲೆ ಪ್ರೀತಿ ಉಕ್ಕಿ ಬಂತು. ಲಕೋಟೆ ಅಂಟಿಸಿ ಅಂಚೆಗೆ ಹಾಕಿದೆ.

ಬೊಂಬಾಯಿಯಿಂದ ಮೊದಲು ಬಂದದ್ದು ಒಳ್ಳೆಯ ಸುದ್ದಿ. ಕೋಷ್ಟಕ ಕಾರ್ಡಿಗೇರಿತು, ರಿಪೀಟ್ ಓಡಿತು, ಎಂಜಿನಿಯರುಗಳು ಖುಷಿಯಾಗಿದ್ದಾರೆ. ಅಂಥ ಎರಡು ಮೂರು ಪತ್ರ ಬಂದವು. ಪಪ್ಪಾಗೆ ಓದಿ ಹೇಳಿದೆ. ಅವರು ಅಲ್ಪವಿರಾಮ ಎಲ್ಲಿದೆ ಎಂದು ಕೇಳಿದರು.

ಮತ್ತೆ ಒಂದು ದಪ್ಪ ಲಕೋಟೆ ಬಂತು. ಗೋರೆ ಸಾಹೇಬರ ಪತ್ರ, ಜೊತೆಗೆ ಯಂತ್ರ ಮುದ್ರಿಸಿದ ಹಾಳೆಗಳ ಕಟ್ಟು. ಆಗಿದ್ದದ್ದು ಇದು. ನಮ್ಮ ಭಾಷೆಯ ಪ್ರೋಗ್ರಾಂಗಳನ್ನೆಲ್ಲ ಒಟ್ಟಿಗೆ ಪೇರಿಸಿ ಯಂತ್ರಕ್ಕೆ ಕೊಡುವುದು ವಾಡಿಕೆ. ಒಂದರ ಫಿನಿಷ್ ಕಾರ್ಡು ಬಂದಾಗ ಮುಂದಿನದ್ದು ಶುರು. ಒಬ್ಬ ಎಂಜಿನಿಯರು ಒಳಗಿನ ರಿಪೀಟಿಗೆ ಎಂಡ್ ಹಾಕಲು ಮರೆತಿದ್ದ. ನನ್ನ ಕೋಷ್ಟಕ ದೋಷ ಎನ್ನಬೇಕಿತ್ತು. ಅನ್ನಲಿಲ್ಲ. ಫಿನಿಷ್ ಕಾರ್ಡನ್ನು ದಾಟಿ ಮುಂದಿನವರ ಕಾರ್ಡನ್ನು ಓದಿತು, ಅದರ ಮುಂದಿನವರದ್ದನ್ನೂ ಓದಿತು. ಪೇರಿಸಿದ್ದ ಅಷ್ಟನ್ನೂ ಒಬ್ಬನ ಪ್ರೋಗ್ರಾಂ ಎಂದೇ ತಿಳಿದು ನುಂಗಿ ಕೂತಿತು. ದೂರದ ಊರುಗಳಿಂದ ಬಂದು ಸರದಿಗೆ ಕಾದಿದ್ದವರು ಬರಿಗೈಯಲ್ಲಿ ಹಿಂದಿರುಗಿದರು.

ಪತ್ರದಲ್ಲಿ ಬೈಗುಳ ಇರಲಿಲ್ಲ. ಅವರು ದನಿ ಇಳಿಸಿದ್ದರು. "ಈ ಪಿ. ಲೋಬೊ ಯಾರು? ಅವರ ಅರ್ಹತೆ ಏನು? ತಪ್ಪು ಪರಿಶೀಲಿಸಿದವರದ್ದಾಗಿದ್ದರೆ ಬೇರೆಯವರನ್ನು ಗೊತ್ತುಮಾಡಿಕೊಂಡು ಮುಂದುವರಿಯಿರಿ. ನಿಮ್ಮದಾಗಿದ್ದರೆ ಷರತ್ತು ನಿಮಗೆ ತಿಳಿದಿದೆ. ಯಾವುದೆಂದು ಬರೆದು ತಿಳಿಸಿ."

ನಾನು ಕೋಷ್ಟಕ ಹಾಸಿದೆ. ಆ ಎಂಜಿನಿಯರಿನ ಪ್ರೋಗ್ರಾಂ ಇಟ್ಟು ಗುಂಡಿ ಸರಿಸಿದರೆ ಕ್ಷಣದಲ್ಲಿ ಹುಳುಕು ಕಂಡಿತು. ರಿಪೀಟಿನ ಒಳಗಿನ ಸಾಲನ್ನು ನಾನು ಹಳೆಯ ಒಂದು ಸಾಲಿನಿಂದ ನಕಲು ಮಾಡಿದ್ದೆ. ಸೂತ್ರ ಉದ್ದವಾಗಿ ಎರಡನೇ ಕಾರ್ಡಿಗೆ ಹರಿದಾಗ ಬಳಸುವ ಸಾಲು ಅದು. ಅಲ್ಲಿ ಫಿನಿಷಿನ ಮನೆಯಲ್ಲಿ 'ಮುಂದಿನ ಕಾರ್ಡು ಓದು' ಎಂದಿತ್ತು. ಅದೂ ನಕಲಾಗಿತ್ತು. ಸರಿ, ಕೈತಪ್ಪು. ಆದರೆ ಇದೇ ತಪ್ಪಿಗೆ ನಾನು ಒಂದು ಪರೀಕ್ಷೆ ಹಾಕಿದ್ದೆನಲ್ಲ? ಹಳೆ ಕಟ್ಟು ಬಿಚ್ಚಿ ಹುಡುಕಿದೆ. ಒಳಗಿನ ಎಂಡ್ ಇಲ್ಲದ ಹಾಳೆ ಅಲ್ಲೇ ಇತ್ತು, ಮೇಲೆ ನನ್ನದೇ ಕೆಂಪು ಗುರುತು. ಅದೇ ಹಾಳೆಯಲ್ಲಿ ಮೇಲೆ ಇನ್ನೊಂದು ತಪ್ಪಿತ್ತು, ಎರಡು ಕೂಡಿಸುವ ಚಿಹ್ನೆ ಒಟ್ಟಿಗೆ. ಗುಂಡಿ ಅಲ್ಲಿ ದೋಷ ಮುಟ್ಟಿದ್ದರಿಂದ ಗುರುತು ಬಿದ್ದಿತ್ತು. ಆದರೂ ಕೊನೆಯಲ್ಲಿ ಕಂಬಿಯಲ್ಲಿ ಒಂದು ಚೀಟಿ ಉಳಿಯಬೇಕಿತ್ತು. ಉಳಿದದ್ದು ನನಗೆ ನೆನಪಿರಲಿಲ್ಲ.

ಮಧ್ಯಾಹ್ನ ಪಪ್ಪಾ ಎಂದಿನಂತೆ ಶರ್ಟು ಬದಲಾಯಿಸಿ ಕೂತಿದ್ದರು. ಹೊಸದೊಂದು ಹಾಳೆ ಬರೆದುಕೊಟ್ಟೆ. ತಪ್ಪು ಒಂದೇ, ಒಳಗಿನ ಎಂಡ್ ಇಲ್ಲ. ಗುಂಡಿ ಸರಿಸುವ ನಾಟಕ ಮಾಡುತ್ತಾ ಅವರ ಮುಖ ನೋಡಿದೆ. ಅವರು ಕೊನೆಯ ಸಾಲಿಗೆ ಬಂದರು. ಕಣ್ಣು ಒಂದು ಕ್ಷಣ ಮೇಲಿನ ಸಾಲಿಗೆ ಹೋಗಿ ಬಂತು. ದನಿ ಎಲ್ಲೂ ತಡವರಿಸಲಿಲ್ಲ. "ಎಂಡ್. ಎಂಡ್. ಫಿನಿಷ್."

"ಪಪ್ಪಾ, ಅಲ್ಲಿ ಎರಡು ಎಂಡ್ ಉಂಟಾ?"

ಅವರು ಹಾಳೆಯನ್ನು ಮಡಿಲಿಗೆ ಇಳಿಸಿದರು. "ಒಂದೇ ಉಂಟು. ಅದು ಎಂತ ದೊಡ್ಡ ವಿಷಯ."

"ಯಾವಾಗಲೂ ಹೀಗೇ ಓದ್ತೀರಾ?"

"ನೋಡು ಬಾಯೆ. ಅಚ್ಚುಕೂಟಕ್ಕೆ ಪಾದ್ರಿಗಳು, ಮಾಸ್ಟರುಗಳು ಪುಸ್ತಕ ಬರ್ದು ತರ್ತಿದ್ರು. ಅವರದ್ದೂ ಒಂದೊಂದು ಕಡೆ ತಪ್ಪಿರ್ತದೆ. ಓದುವಾಗ ಅದನ್ನು ಸರಿ ಮಾಡಿಯೇ ಓದುದು. ನಿಲ್ಲಿಸಿ ಹೇಳಿದ್ರೆ ನಾಲ್ಕು ಜನರ ಎದುರು ಅವರ ಮರ್ಯಾದೆ ಹೋಗ್ತದೆ. ಹೇಳದೆ ತಿದ್ದುದು ನಮ್ಮ ಕೆಲಸ." ಹಾಳೆಯನ್ನು ನನ್ನ ಕಡೆ ಚಾಚುತ್ತಾ ಹೇಳಿದರು. "ನಿನಗೂ ಆಯಾಸ ಉಂಟು. ಅಡುಗೆ, ನನ್ನ ಚಾಕರಿ, ಇದು. ಒಂದೊಂದು ಬಿಟ್ಟುಹೋಗ್ತದೆ. ಕೂಡಿಸುವ ಚಿಹ್ನೆಯ ತಪ್ಪು ನನಗೆ ತಿಳಿಯುದಿಲ್ಲ, ಎಂಡ್ ಬಿಟ್ಟದ್ದು ತಿಳೀತದೆ. ನಾನು ಇದ್ದೇನಲ್ಲ. ನಿನ್ನ ತಪ್ಪು ಬೊಂಬಾಯಿವರೆಗೆ ಹೋಗದ ಹಾಗೆ ನೋಡಿಕೊಳ್ತೇನೆ."

ಅವು ಬೇಕೆಂದೇ ಮಾಡಿದ ತಪ್ಪುಗಳು ಪಪ್ಪಾ ಎನ್ನುವ ಮಾತು ನಾಲಗೆಯ ತುದಿಯಲ್ಲಿತ್ತು. ಹೇಳಿದ್ದರೆ ಅವರಿಗೆ ಎಲ್ಲ ಅರ್ಥವಾಗುತ್ತಿತ್ತು, ಅಷ್ಟು ಚುರುಕು ಅವರು. ಮಗಳನ್ನು ಕಾಪಾಡುತ್ತಿದ್ದೇನೆ ಎಂದುಕೊಂಡವರಿಗೆ, ಅದರಿಂದಲೇ ಮಗಳ ಕೆಲಸ ಹೋಗುವ ಹಂತಕ್ಕೆ ಬಂದಿದೆ ಎಂದು ತಿಳಿಯುತ್ತಿತ್ತು. ನಾನು ಹೇಳಲಿಲ್ಲ. "ಸರಿ ಪಪ್ಪಾ" ಎಂದು ಒಳಗೆ ಹೋಗಿ ಒಲೆಯ ಮುಂದೆ ನಿಂತು ಅತ್ತೆ. ಅವರ ಮೇಲೆ ಸಿಟ್ಟು ಬಂದು ಅತ್ತೆನೋ, ಅವರು ಪಾಪ ಎಂದು ಅತ್ತೆನೋ, ಎರಡೂ ಇತ್ತು.

ಗೋರೆ ಸಾಹೇಬರಿಗೆ ಉತ್ತರ ಬರೆಯಲು ನಾಲ್ಕು ದಿನ ಹಿಡಿಯಿತು. ಸುಲಭದ ದಾರಿ ಅವರೇ ತೋರಿಸಿದ್ದರು. ಪರಿಶೀಲಿಸಿದವರು ತಪ್ಪಾಗಿ ಓದಿದರು ಎಂದು ಒಂದು ಸಾಲು. ಅದು ಸುಳ್ಳೂ ಅಲ್ಲ. ಕೆಲಸ ಉಳಿಯುತ್ತದೆ, ಪಪ್ಪಾನ ಹತ್ತಿರ ಇರಲೂ ಆಗುತ್ತದೆ. ಬೊಂಬಾಯಿಯ ಕಡತದಲ್ಲಿ ಪಿ. ಲೋಬೊ ಎಂಬ ಹೆಸರಿನ ಮುಂದೆ ಒಂದು ಕರಿಗೆರೆ ಬೀಳುತ್ತದೆ, ಅದು ಅವರಿಗೆ ತಿಳಿಯುವುದೇ ಇಲ್ಲ. ಹಾಗೆ ಒಂದು ಪತ್ರ ಬರೆದೂ ಇಟ್ಟೆ. ಮತ್ತೆ ಹರಿದೆ. ಪಪ್ಪಾ ಎಂದು ಮಾತ್ರ ಅಲ್ಲ. ನಾನು ಕೆಲಸಗಾತಿಯಾಗಿ ಯೋಚಿಸಿದರೂ ತಪ್ಪು ನನ್ನದೇ ಆಗಿತ್ತು. ಒಂದು ಹಾಳೆಗೆ ಒಂದೇ ತಪ್ಪು ಇಟ್ಟಿದ್ದರೆ ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು. ಕೊನೆಯಲ್ಲಿ ಕಂಬಿ ನೋಡಿದ್ದರೆ ಸಾಕಿತ್ತು. ಓದುವ ಮನುಷ್ಯ ಎಂಥವನು, ಅವನ ಅಭ್ಯಾಸ ಏನು ಎಂದು ಕೇಳದೆ ಅವನನ್ನು ಯಂತ್ರವೆಂದು ತಿಳಿದೆ. ಈ ಕೆಲಸಕ್ಕೆ ಬರುವವರಿಗೆ ನಾನು ಹೇಳಬೇಕೆಂದಿದ್ದದ್ದು ಇದನ್ನೇ, ಕಾಫಿ ಕೊಟ್ಟು ಕಳುಹಿಸುವ ಬದಲು.

ತಪ್ಪು ಪರೀಕ್ಷೆ ಬರೆದವಳದ್ದು, ಪರಿಶೀಲಿಸಿದವರದ್ದಲ್ಲ, ಅವರು ನನ್ನ ತಂದೆ, ಕರಡು ತಿದ್ದುವ ವೃತ್ತಿಯಲ್ಲಿದ್ದವರು ಎಂದು ಬರೆದೆ. ಸರಿಪಡಿಸಿದ ಸಾಲನ್ನು ಜೊತೆಗಿಟ್ಟೆ. ಷರತ್ತು ನೆನಪಿದೆ, ಆದರೆ ಬೊಂಬಾಯಿಗೆ ಬರಲು ಆಗುವುದಿಲ್ಲ ಎಂದೂ ಬರೆದೆ. ಆಮೇಲೆ ಐದಾರು ವಾರ ಅಂಚೆಯವನು ನಮ್ಮ ಗೇಟು ದಾಟಿಕೊಂಡೇ ಹೋದ. ಆ ವಾರಗಳಷ್ಟು ಒಂಟಿಯಾಗಿ ನಾನು ಮತ್ತೆಂದೂ ಇರಲಿಲ್ಲ. ಪಪ್ಪಾ ದಿನವೂ ಮಧ್ಯಾಹ್ನ ತಯಾರಾಗಿ ಕೂರುತ್ತಿದ್ದರು. ಹಳೆಯ ಹಾಳೆಗಳನ್ನೇ ನಕಲು ಮಾಡಿ ಕೊಡುತ್ತಿದ್ದೆ. ಕೆಲಸ ಇದೆಯೋ ಇಲ್ಲವೋ ತಿಳಿಯದೆ ಗುಂಡಿ ಸರಿಸುತ್ತಿದ್ದೆ.

ಕೊನೆಗೆ ಬಂದ ಲಕೋಟೆಯಲ್ಲಿ ಭಾಷೆಗೆ ಸೇರಿಸಬೇಕಾದ ಇನ್ನೊಂದು ರಚನೆಯ ವಿವರ ಇತ್ತು. ಆದದ್ದರ ಬಗ್ಗೆ ಒಂದು ಅಕ್ಷರ ಇಲ್ಲ. ಫಾರಂ ಇತ್ತು, ಅದರಲ್ಲಿ ಪರಿಶೀಲಿಸಿದವರು ಎಂಬ ಜಾಗಕ್ಕೆ ಗೆರೆ ಎಳೆದು, 'ಬೊಂಬಾಯಿಯಲ್ಲಿ' ಎಂದು ಗೋರೆ ಸಾಹೇಬರು ತಮ್ಮ ಕೈಯಲ್ಲಿ ಬರೆದಿದ್ದರು. ಅವರು ಒಳ್ಳೆಯ ಮನುಷ್ಯ. ಅದನ್ನು ಅವರಿಗೆ ಹೇಳುವ ಧೈರ್ಯ ನನಗೆ ಕೊನೆಯವರೆಗೂ ಬರಲಿಲ್ಲ.

ಅಲ್ಲಿಂದ ಮುಂದೆ ನನ್ನ ಕೆಲಸ ಎರಡು ಪಾಳಿಯಲ್ಲಿ ನಡೆಯಿತು. ಬೆಳಿಗ್ಗೆ ಪಪ್ಪಾ ಏಳುವ ಮೊದಲು ನಾನೊಬ್ಬಳೇ, ಒಂದು ಹಾಳೆಗೆ ಒಂದೇ ತಪ್ಪಿನಂತೆ, ತುಟಿ ಅಲ್ಲಾಡಿಸುತ್ತಾ ಓದಿಕೊಂಡು ಗುಂಡಿ ಸರಿಸುವುದು. ನಿಜವಾದ ಪರೀಕ್ಷೆ ಅದು. ಮಧ್ಯಾಹ್ನ ಪಪ್ಪಾನ ಜೊತೆ. ಅವರು ಓದುತ್ತಿದ್ದರು, ಬಿಟ್ಟುಹೋದದ್ದನ್ನೆಲ್ಲ ದನಿ ಬದಲಾಗದಂತೆ ತುಂಬಿಕೊಡುತ್ತಿದ್ದರು, ನಾನು ಸುಮ್ಮನೆ ಕೇಳುತ್ತಿದ್ದೆ. ಕೊನೆಗೆ ಹಳೆಯ ಮಾದರಿಯ ಫಾರಂ ಒಂದನ್ನು ಮುಂದಿಡುತ್ತಿದ್ದೆ. ಅವರು ಸಹಿ ಹಾಕುತ್ತಿದ್ದರು. ಅವೆಲ್ಲ ನನ್ನ ಟ್ರಂಕಿನಲ್ಲಿ ಉಳಿದವು. ಎದುರು ಕೂತ ಒಬ್ಬನೇ ಜೊತೆಗಾರನಿಗೆ ದಿನವೂ ಸುಳ್ಳು ಹೇಳುವುದು ಎಂಥದ್ದೆಂದು ನಿಮಗೆ ಹೇಗೆ ಹೇಳಲಿ? ಒಬ್ಬಳೇ ಇರುವಾಗ ಅಷ್ಟು ಒಂಟಿ ಅನಿಸುತ್ತಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಒಂದು ಸಲ ಓದಬಾರದೇ ಪಪ್ಪಾ ಎಂದು ಎಷ್ಟೋ ಸಲ ಮನಸ್ಸಿನಲ್ಲೇ ಬೈದಿದ್ದೇನೆ.

ಹಾಗೆ ಮೂರು ವರ್ಷ ಕಳೆಯಿತು. ಅರವತ್ತರ ದಶಕ ಮುಗಿಯುತ್ತಾ ಬಂದಿತ್ತು. ಒಂದು ಮಧ್ಯಾಹ್ನ ಪಪ್ಪಾಗೆ ಎರಡು ರಿಪೀಟ್, ಒಂದೇ ಎಂಡ್ ಇರುವ ಹಾಳೆ ಸಿಕ್ಕಿತು. ಓದಿದರು. ರಿಪೀಟ್, ಚೀಟಿ ಚುಚ್ಚಿದೆ. ಇನ್ನೊಂದು ರಿಪೀಟ್, ಇನ್ನೊಂದು ಚೀಟಿ. ಸೂತ್ರ ಮುಗಿಯಿತು. "ಎಂಡ್" ಎಂದರು, ಮೇಲಿನ ಚೀಟಿ ತೆಗೆದೆ. ಮುಂದಿನ ಎಂಡಿಗೆ ಅಭ್ಯಾಸಬಲದಿಂದ ಕೈ ಕಂಬಿಯ ಹತ್ತಿರವೇ ಇತ್ತು.

"ಫಿನಿಷ್" ಎಂದರು ಪಪ್ಪಾ.

ಗುಂಡಿ ದೋಷದ ಮನೆಗೆ ಹೋಯಿತು. ಕಂಬಿಯಲ್ಲಿ ಒಂದು ಚೀಟಿ ಉಳಿದಿತ್ತು. ನಾನು ತಲೆ ಎತ್ತಿದೆ. ಅವರು ಹಾಳೆಯನ್ನು ಮುಖಕ್ಕೆ ಬಹಳ ಹತ್ತಿರ ಹಿಡಿದಿದ್ದರು.

"ಪಪ್ಪಾ, ಮೇಲೆ ಒಮ್ಮೆ ನೋಡಿ. ಏನಾದ್ರೂ ಬಿಟ್ಟುಹೋಗಿದೆಯಾ?"

ಅವರು ನೋಡಿದರು. ಬೆರಳು ಸಾಲುಗಳ ಮೇಲೆ ನಿಧಾನವಾಗಿ ಇಳಿಯಿತು, ಮತ್ತೆ ಮೇಲೆ ಹೋಯಿತು, ಮತ್ತೆ ಇಳಿಯಿತು. ನಲವತ್ತು ವರ್ಷದ ಕಣ್ಣು.

"ಇಲ್ಲ ಬಾಯೆ" ಎಂದರು. "ಎಲ್ಲ ಸರಿ ಉಂಟು."

ಫಾರಂ ಮುಂದಿಟ್ಟೆ. ಸಹಿಯ ಗೆರೆ ಎಲ್ಲಿದೆಯೆಂದು ಅವರ ಬೆರಳು ಹಿಡಿದು ತೋರಿಸಬೇಕಾಯಿತು. ಆ ಒಂದು ಫಾರಮನ್ನು ನಾನು ಟ್ರಂಕಿಗೆ ಹಾಕಲಿಲ್ಲ. ಬೊಂಬಾಯಿಯ ಲಕೋಟೆಯಲ್ಲಿ ಇಟ್ಟು ಅಂಟಿಸಿದೆ. ಪಿ. ಲೋಬೊ ಅವರು ನನ್ನ ಹಾಳೆಯನ್ನು ಬರೆದದ್ದು ಬರೆದ ಹಾಗೆ ಪರಿಶೀಲಿಸಿದ್ದು ಅದೊಂದೇ ಸಲ.